ಪರದೇಶದ ಅಂತರ್ಯುದ್ಧಕ್ಕೆ ಅಮೆರಿಕದ ಸೇನೆ: ಪ್ರಚಾರದಲ್ಲಿ ಒಂದು ಮಾತು, ಕುರ್ಚಿಯಲ್ಲಿ ಇನ್ನೊಂದು

2024ರ ಡಿಸೆಂಬರ್ 7ರಂದು ಸಿರಿಯಾದ ಬಂಡುಕೋರರು ರಾಜಧಾನಿ ಡಮಾಸ್ಕಸ್‌ನ ಹೊಸ್ತಿಲಿಗೆ ಬಂದು ನಿಂತಿದ್ದರು. ಚುನಾವಣೆ ಗೆದ್ದು, ಇನ್ನೂ ಅಧಿಕಾರ ವಹಿಸಿಕೊಳ್ಳಬೇಕಿದ್ದ ಡೊನಾಲ್ಡ್ ಟ್ರಂಪ್ ಅವತ್ತು ಒಂದು ಪೋಸ್ಟ್ ಹಾಕಿದರು. ಇದು ನಮ್ಮ ಜಗಳವಲ್ಲ, ಅಮೆರಿಕ ಇದರಲ್ಲಿ ತಲೆ ಹಾಕುವುದು ಬೇಡ ಎಂಬುದು ಅದರ ಸಾರ. ಮರುದಿನ ಸಿರಿಯಾದ ಅಧ್ಯಕ್ಷ ಬಷರ್ ಅಲ್ ಅಸಾದ್ ರಷ್ಯಾಕ್ಕೆ ಪರಾರಿಯಾದರು.

ಅಲ್ಲಿಂದ ಒಂದು ವರ್ಷದೊಳಗೆ ಆದದ್ದು ನೋಡಿ. 2025ರ ಮಾರ್ಚ್ 15ರಿಂದ ಮೇ 6ರವರೆಗೆ ಟ್ರಂಪ್ ಸರ್ಕಾರ ಯೆಮೆನ್‌ನ ಹೌತಿ ಬಂಡುಕೋರರ ಮೇಲೆ ಬಾಂಬ್ ಸುರಿಸಿತು. ನವೆಂಬರ್ 10ರಂದು, ಅದೇ ಬಂಡುಕೋರರ ನಾಯಕನಾಗಿದ್ದ ಸಿರಿಯಾದ ಹೊಸ ಅಧ್ಯಕ್ಷ ಅಹ್ಮದ್ ಅಲ್ ಶರಾ ಅತಿಥಿಯಾಗಿ ಶ್ವೇತಭವನಕ್ಕೆ ಬಂದರು. 2024ರ ಡಿಸೆಂಬರ್‌ವರೆಗೂ ಇದೇ ವ್ಯಕ್ತಿಯ ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್ ಕೊಡುವುದಾಗಿ ಅಮೆರಿಕ ಘೋಷಿಸಿತ್ತು. ಅದೇ ನವೆಂಬರ್‌ನಲ್ಲಿ, ಸುಡಾನ್‌ನ ಅಂತರ್ಯುದ್ಧ ನಿಲ್ಲಿಸುವ ಕೆಲಸಕ್ಕೂ ಕೈ ಹಾಕುತ್ತೇನೆ ಎಂದು ಟ್ರಂಪ್ ಹೇಳಿದರು.

ಹಾಗಾದರೆ ಅಮೆರಿಕ ಬೇರೆಯವರ ಜಗಳಕ್ಕೆ ಹೋಗುತ್ತಾ, ಹೋಗಲ್ವಾ? ಗೊಂದಲ ಆಗುವುದು ಸಹಜ. ಇದನ್ನು ಟ್ರಂಪ್ ಒಬ್ಬರ ಚಂಚಲ ಸ್ವಭಾವ ಎಂದು ತಳ್ಳಿಹಾಕುವವರು ಜಾಸ್ತಿ. ಆದರೆ ಕಳೆದ ಮೂರು ದಶಕಗಳ ದಾಖಲೆ ತೆಗೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಭ್ಯರ್ಥಿಯಾಗಿದ್ದಾಗ ಆಡಿದ ಮಾತು, ಅಧ್ಯಕ್ಷರಾದ ಮೇಲೆ ಮಾಡಿದ ಕೆಲಸ, ಎರಡೂ ಹೊಂದದಿರುವುದು ಎರಡೂ ಪಕ್ಷಗಳಲ್ಲಿ ನಡೆದುಕೊಂಡು ಬಂದಿದೆ. ಇದಕ್ಕೆ ಕಾರಣಗಳೂ ಇವೆ.

ಕ್ಲಿಂಟನ್, ಬುಷ್, ಒಬಾಮ

1992ರಲ್ಲಿ ಬಾಸ್ನಿಯಾ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯುತ್ತಿತ್ತು. ಅಧ್ಯಕ್ಷರಾಗಿದ್ದ ಹಿರಿಯ ಬುಷ್ ಕೈಕಟ್ಟಿ ಕೂತಿದ್ದಾರೆ ಎಂದು ಎದುರಾಳಿ ಬಿಲ್ ಕ್ಲಿಂಟನ್ ಟೀಕಿಸಿದರು. ಜನರಿಗೆ ಹೋಗುವ ನೆರವನ್ನು ತಡೆಯುವ ಸರ್ಬ್ ಪಡೆಗಳ ಮೇಲೆ ವಾಯುದಾಳಿಗೂ ಸಿದ್ಧವಿರಬೇಕು ಎಂದರು. ಗೆದ್ದ ಮೇಲೆ ಎರಡೂವರೆ ವರ್ಷ ಹಿಂದೆಮುಂದೆ ನೋಡಿದರು. 1993ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ 18 ಅಮೆರಿಕನ್ ಸೈನಿಕರು ಸತ್ತಿದ್ದೂ ಈ ಹಿಂಜರಿಕೆಗೆ ದೊಡ್ಡ ಕಾರಣ. ಮರುವರ್ಷ ರುವಾಂಡಾದಲ್ಲಿ 100 ದಿನಗಳಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾದಾಗಲೂ ಅಮೆರಿಕ ಸೇನೆ ಕಳಿಸಲಿಲ್ಲ. 1995ರ ಜುಲೈನಲ್ಲಿ ಬಾಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು ಮತ್ತು ಹುಡುಗರ ಹತ್ಯೆ ನಡೆಯಿತು. ಅದಾದ ಮೇಲಷ್ಟೇ, ಆಗಸ್ಟ್ 30ರಂದು, ನ್ಯಾಟೊ ವಿಮಾನಗಳು ದೊಡ್ಡ ಪ್ರಮಾಣದ ದಾಳಿ ಶುರುಮಾಡಿದವು. ನವೆಂಬರ್‌ನಲ್ಲಿ ಯುದ್ಧ ನಿಲ್ಲಿಸುವ ಡೇಟನ್ ಒಪ್ಪಂದ ಆಯಿತು.

2000ದ ಅಕ್ಟೋಬರ್ 11ರ ಚರ್ಚೆಯಲ್ಲಿ ನಿರೂಪಕ ಜಿಮ್ ಲೆಹ್ರರ್, ಅಮೆರಿಕ ಹಿಂದೆ ಸೇನೆ ಕಳಿಸಿದ್ದ ಒಂದೊಂದೇ ಕಡೆಯ ಹೆಸರು ಹೇಳಿ ಅಭ್ಯರ್ಥಿಗಳ ಅಭಿಪ್ರಾಯ ಕೇಳಿದರು. ಲೆಬನಾನ್, ಗ್ರೆನಾಡಾ, ಪನಾಮಾ, ಕೊಲ್ಲಿ ಯುದ್ಧ, ಸೊಮಾಲಿಯಾ, ಬಾಸ್ನಿಯಾ, ಹೈಟಿ, ಕೊಸೊವೊ. ಸೊಮಾಲಿಯಾದಲ್ಲಿ ಹಸಿದವರಿಗೆ ಅನ್ನ ಕೊಡಲು ಹೋದವರು ದೇಶ ಕಟ್ಟಲು ಹೊರಟಿದ್ದೇ ತಪ್ಪು ಎಂದರು ಜಾರ್ಜ್ ಡಬ್ಲ್ಯು. ಬುಷ್. ಹೈಟಿಗೆ ತಾವು ಸೇನೆ ಕಳಿಸುತ್ತಿರಲಿಲ್ಲ ಎಂದರು. ಬೇರೆ ದೇಶ ಕಟ್ಟಿಕೊಡುವುದು ನಮ್ಮ ಸೈನಿಕರ ಕೆಲಸವಲ್ಲ ಎಂಬುದು ಅವರ ವಾದದ ತಿರುಳು. ಎದುರಿಗಿದ್ದ ಅಲ್ ಗೋರ್ ಬಾಸ್ನಿಯಾ, ಕೊಸೊವೊ ಕಾರ್ಯಾಚರಣೆಗಳನ್ನು ಸಮರ್ಥಿಸಿದರು. ಒಂದು ವರ್ಷ ಕಳೆಯುವುದರೊಳಗೆ ಬುಷ್ ಅಫ್ಘಾನಿಸ್ತಾನಕ್ಕೆ ಸೇನೆ ಕಳಿಸಿದರು, 2003ರಲ್ಲಿ ಇರಾಕ್‌ಗೂ ಕಳಿಸಿದರು. ಅಫ್ಘಾನಿಸ್ತಾನದಲ್ಲಿ ದೇಶ ಕಟ್ಟುವ ಕೆಲಸ 20 ವರ್ಷ ನಡೆಯಿತು.

ಇನ್ನು ಬರಾಕ್ ಒಬಾಮ. ದೇಶಕ್ಕೆ ಅಪಾಯ ಎದುರಾಗದೇ ಇದ್ದಾಗ, ಅಧ್ಯಕ್ಷ ತಾನೊಬ್ಬನೇ ನಿರ್ಧರಿಸಿ ದಾಳಿ ಮಾಡುವ ಅಧಿಕಾರ ಸಂವಿಧಾನದಲ್ಲಿ ಇಲ್ಲ ಎಂದು ಅವರು ಅಭ್ಯರ್ಥಿಯಾಗಿದ್ದಾಗ, 2007ರಲ್ಲಿ, ಸ್ಪಷ್ಟವಾಗಿ ಹೇಳಿದ್ದರು. ಸಂವಿಧಾನದ ಪಾಠ ಮಾಡಿದ್ದ ಮೇಷ್ಟ್ರು ಅವರು, ತಿಳಿಯದೆ ಹೇಳಿದ ಮಾತಲ್ಲ. 2011ರಲ್ಲಿ ಲಿಬಿಯಾ ಮೇಲೆ ದಾಳಿ ಮಾಡಿಸಿದಾಗ ಸಂಸತ್ತಿನ ಒಪ್ಪಿಗೆ ಪಡೆಯಲಿಲ್ಲ.

2016: ಒಂದೇ ಪಕ್ಷದ ಇಬ್ಬರಿಗೂ ಒಮ್ಮತ ಇರಲಿಲ್ಲ

ಅಭ್ಯರ್ಥಿಗಳ ನಡುವಿನ ವ್ಯತ್ಯಾಸ ಅತ್ಯಂತ ಎದ್ದು ಕಂಡಿದ್ದು 2016ರಲ್ಲಿ, ಸಿರಿಯಾ ವಿಚಾರದಲ್ಲಿ. 2011ರ ಮಾರ್ಚ್‌ನಲ್ಲಿ ದರಾ ಪಟ್ಟಣದ ಪ್ರತಿಭಟನೆಗಳಿಂದ ಶುರುವಾದ ಗಲಾಟೆ ಅಷ್ಟರಲ್ಲಿ ಪೂರ್ತಿ ಅಂತರ್ಯುದ್ಧವಾಗಿತ್ತು. ಒಂದು ಕಡೆ ಅಸಾದ್, ಅವರ ಬೆನ್ನಿಗೆ ರಷ್ಯಾ, ಇರಾನ್, ಹಿಜ್ಬುಲ್ಲಾ. ಇನ್ನೊಂದು ಕಡೆ ಹತ್ತಾರು ಬಂಡುಕೋರ ಗುಂಪುಗಳು, ಅವಕ್ಕೆ ಟರ್ಕಿ ಮತ್ತು ಕೊಲ್ಲಿ ದೇಶಗಳ ಬೆಂಬಲ. ಈಶಾನ್ಯದಲ್ಲಿ ಕುರ್ದರು. ನಡುವೆ ಐಸಿಸ್. ಅಲೆಪ್ಪೊ ನಗರದ ಪೂರ್ವ ಭಾಗ ಮುತ್ತಿಗೆಯಲ್ಲಿತ್ತು.

ಡೆಮಾಕ್ರಟಿಕ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಹಾರಾಟ ನಿಷೇಧ ವಲಯ ಬೇಕು ಎಂದರು. ಅಂದರೆ ಸಿರಿಯಾದ ಒಂದು ಭಾಗದ ಮೇಲೆ ಅಸಾದ್ ಕಡೆಯ ವಿಮಾನ ಹಾರದಂತೆ ಅಮೆರಿಕ ತಡೆಯುವುದು. ಬ್ಯಾರೆಲ್ ಬಾಂಬ್‌ಗಳಿಂದ ಜನರನ್ನು ಉಳಿಸಬಹುದು, ರಷ್ಯಾವನ್ನು ಮಾತುಕತೆಗೆ ಎಳೆಯಲೂಬಹುದು ಎಂಬುದು ಅವರ ಲೆಕ್ಕ.

ಟ್ರಂಪ್ ಇದಕ್ಕೆ ತದ್ವಿರುದ್ಧ. ಅಸಾದ್ ನನಗೆ ಇಷ್ಟವಿಲ್ಲ, ಆದರೆ ಐಸಿಸ್ ಅನ್ನು ಕೊಲ್ಲುತ್ತಿದ್ದಾನಲ್ಲ ಎಂದರು. ಕ್ಲಿಂಟನ್ ಹೇಳಿದಂತೆ ಮಾಡಿದರೆ ಮೂರನೇ ಮಹಾಯುದ್ಧವೇ ಆದೀತು ಎಂದೂ ಎಚ್ಚರಿಸಿದರು.

2016ರ ಅಕ್ಟೋಬರ್‌ನ ಇನ್ನೊಂದು ಘಟನೆ ಗಮನಿಸಬೇಕು. 4ನೇ ತಾರೀಕು ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಟ್ರಂಪ್ ಜೋಡಿ ಮೈಕ್ ಪೆನ್ಸ್, ಅಲೆಪ್ಪೊ ಜನರನ್ನು ಉಳಿಸಲು ಅಸಾದ್ ಸೇನೆಯ ಮೇಲೆ ದಾಳಿಗೂ ಅಮೆರಿಕ ಸಿದ್ಧವಿರಬೇಕು ಎಂದರು. ಐದು ದಿನದ ನಂತರ ಅದೇ ಮಾತನ್ನು ನಿರೂಪಕರು ಟ್ರಂಪ್ ಮುಂದಿಟ್ಟರು. ನಾವಿಬ್ಬರೂ ಇದರ ಬಗ್ಗೆ ಮಾತಾಡಿಲ್ಲ, ನನಗೆ ಒಪ್ಪಿಗೆ ಇಲ್ಲ ಎಂದು ಟ್ರಂಪ್ ಕೋಟಿ ಕೋಟಿ ಜನರ ಎದುರು ಹೇಳಿದರು. ಯುದ್ಧದಂಥ ವಿಷಯದಲ್ಲಿ, ಮತದಾನಕ್ಕೆ ತಿಂಗಳಿರುವಾಗ, ಒಂದೇ ಟಿಕೆಟ್‌ನ ಇಬ್ಬರು ಕೂತು ಮಾತಾಡಿರಲಿಲ್ಲ. ಅಭ್ಯರ್ಥಿಗಳ ನಿಲುವುಗಳು ಎಷ್ಟು ತೆಳುವಾಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಕಾಶಕ್ಕೆ ಬೇಲಿ ಹಾಕಲು ಏನೆಲ್ಲ ಬೇಕು?

ಹಾರಾಟ ನಿಷೇಧ ವಲಯ ಎಂದರೆ ಕೇಳಲು ಸರಳ, ರಕ್ತ ಹರಿಯದ ಉಪಾಯದಂತೆ ಕಾಣುತ್ತದೆ. ಹಾಗಾಗಿಯೇ ಪ್ರಚಾರದಲ್ಲಿ ಚೆನ್ನಾಗಿ ಓಡುತ್ತದೆ. ಜಾರಿಗೆ ತರುವುದು ಬೇರೆ ಮಾತು.

ಮೊದಲು ಎದುರಾಳಿಯ ವಾಯುರಕ್ಷಣಾ ಕ್ಷಿಪಣಿಗಳನ್ನು, ರೇಡಾರ್‌ಗಳನ್ನು ನಾಶಮಾಡಬೇಕು. ಇಲ್ಲದಿದ್ದರೆ ಕಾವಲಿಗೆ ಹೋದ ನಿಮ್ಮ ವಿಮಾನವೇ ಬೀಳುತ್ತದೆ. ಸಿರಿಯಾದಲ್ಲಿ ಇವುಗಳಲ್ಲಿ ಎಷ್ಟೋ ಜನವಸತಿಯ ನಡುವೆ ಇದ್ದವು. ಇದು ಕ್ಲಿಂಟನ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 2013ರಲ್ಲಿ ಬ್ಯಾಂಕಿನವರ ಮುಂದೆ ಮಾಡಿದ ಖಾಸಗಿ ಭಾಷಣದಲ್ಲಿ, ಇಂಥ ವಲಯ ಮಾಡಲು ಹೋದರೆ ಬಹಳಷ್ಟು ಸಿರಿಯನ್ನರು ಸಾಯುತ್ತಾರೆ ಎಂದು ಅವರೇ ಹೇಳಿದ್ದರು. 2016ರ ಅಕ್ಟೋಬರ್‌ನಲ್ಲಿ ಆ ಭಾಷಣ ಸೋರಿಕೆಯಾಯಿತು.

ಹಣದ ಲೆಕ್ಕವೂ ಇದೆ. ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಮಾರ್ಟಿನ್ ಡೆಂಪ್ಸಿ 2013ರ ಜುಲೈನಲ್ಲಿ ಸೆನೆಟ್‌ಗೆ ಬರೆದ ಪತ್ರದಲ್ಲಿ, ಶುರುವಿನಲ್ಲೇ 50 ಕೋಟಿ ಡಾಲರ್, ಆಮೇಲೆ ತಿಂಗಳಿಗೆ 100 ಕೋಟಿ ಡಾಲರ್‌ವರೆಗೆ ಖರ್ಚು ಬರಬಹುದು ಎಂದಿದ್ದರು. ಇಷ್ಟು ಖರ್ಚು ಮಾಡಿದರೂ ಅಸಾದ್ ಸೇನೆ ಫಿರಂಗಿಯಿಂದ ಕೊಲ್ಲುವುದು ನಿಲ್ಲುವುದಿಲ್ಲ.

2015ರ ಸೆಪ್ಟೆಂಬರ್ 30ಕ್ಕೆ ರಷ್ಯಾದ ವಿಮಾನಗಳು ಸಿರಿಯಾದಲ್ಲಿ ದಾಳಿ ಶುರುಮಾಡಿದವು. ನವೆಂಬರ್‌ನಲ್ಲಿ ಟರ್ಕಿ ಒಂದು ರಷ್ಯನ್ ವಿಮಾನ ಹೊಡೆದುರುಳಿಸಿದ ಮೇಲೆ ರಷ್ಯಾ ತನ್ನ ಎಸ್-400 ಕ್ಷಿಪಣಿಗಳನ್ನೂ ತಂದಿಟ್ಟಿತು. ಹಾಗಾಗಿ 2012ರಲ್ಲಿ ಕಷ್ಟವಾಗಿದ್ದ ಕೆಲಸ 2016ರ ಹೊತ್ತಿಗೆ ಅಣ್ವಸ್ತ್ರ ದೇಶದ ಜತೆ ಮುಖಾಮುಖಿಯ ಪ್ರಶ್ನೆಯಾಗಿತ್ತು. ಸಿರಿಯಾದ ಇಡೀ ಆಕಾಶವನ್ನು ಹಿಡಿತಕ್ಕೆ ತೆಗೆದುಕೊಳ್ಳುವುದೆಂದರೆ ಸಿರಿಯಾ ಮತ್ತು ರಷ್ಯಾ ಜತೆ ಯುದ್ಧಕ್ಕೆ ಹೋದಂತೆ ಎಂದು ಡೆಂಪ್ಸಿ ನಂತರ ಬಂದ ಜೋಸೆಫ್ ಡನ್‌ಫೋರ್ಡ್ ಆ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿಗೆ ಹೇಳಿದರು.

ಹಾಗಂತ ಸುಲಭದ ಬೇರೆ ದಾರಿ ಇತ್ತೇ? ಬಂಡುಕೋರರಿಗೆ ತರಬೇತಿ ಕೊಟ್ಟು ಕಳಿಸುವ 50 ಕೋಟಿ ಡಾಲರ್ ಯೋಜನೆ ಏನಾಯಿತು ನೋಡಿ. 2012ರಲ್ಲಿ ಅಭ್ಯರ್ಥಿ ಮಿಟ್ ರಾಮ್ನಿ ಹೇಳಿದ್ದೂ ಇಂಥದ್ದೇ ದಾರಿ: ನಮ್ಮ ಸೇನೆ ಬೇಡ, ನಂಬಬಹುದಾದ ಬಂಡುಕೋರರಿಗೆ ಶಸ್ತ್ರ ಸಿಗಲಿ. 2015ರ ಸೆಪ್ಟೆಂಬರ್‌ನಲ್ಲಿ ಆ ಭಾಗದ ಅಮೆರಿಕದ ಪಡೆಗಳ ಮುಖ್ಯಸ್ಥ ಜನರಲ್ ಲಾಯ್ಡ್ ಆಸ್ಟಿನ್ ಸೆನೆಟ್ ಮುಂದೆ ಬಂದರು. ತರಬೇತಿ ಪಡೆದವರಲ್ಲಿ ಈಗ ಎಷ್ಟು ಜನ ಹೋರಾಡುತ್ತಿದ್ದಾರೆ ಎಂದು ಕೇಳಿದಾಗ, ನಾಲ್ಕೋ ಐದೋ ಎಂದರು. ನಾಲ್ಕೈದು ಸಾವಿರ ಅಲ್ಲ, ನಾಲ್ಕೈದು ಜನ!

ಲಿಬಿಯಾ ಎಂಬ ಗಾಯ

ಸಿರಿಯಾದ ಚರ್ಚೆ ಹೀಗೆ ನಡೆಯಲು ಲಿಬಿಯಾ ಕಾರಣ. 2011ರ ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಲಿಬಿಯಾದಲ್ಲಿ ನಾಗರಿಕರ ರಕ್ಷಣೆಗೆ ಬಲಪ್ರಯೋಗಕ್ಕೆ ಅನುಮತಿಸುವ ನಿರ್ಣಯವನ್ನು 10 ಮತಗಳಿಂದ ಅಂಗೀಕರಿಸಿತು. ಭಾರತ, ಚೀನಾ, ರಷ್ಯಾ, ಜರ್ಮನಿ, ಬ್ರೆಜಿಲ್ ಮತ ಹಾಕದೆ ದೂರ ಉಳಿದವು. ನಾಗರಿಕರ ರಕ್ಷಣೆ ಎಂದು ಶುರುವಾದದ್ದು ಗದ್ದಾಫಿ ಸರ್ಕಾರ ಬೀಳುವಲ್ಲಿಗೆ ಹೋಯಿತು. ಅಕ್ಟೋಬರ್ 20ರಂದು ಗದ್ದಾಫಿ ಕೊಲೆಯಾದರು. ನೆಲದ ಮೇಲೆ ಅಮೆರಿಕದ ಪಡೆ ಇರಲಿಲ್ಲ, ಮುಂದೇನು ಎಂಬ ಯೋಜನೆಯೂ ಇರಲಿಲ್ಲ. ಶಸ್ತ್ರಗಳು ಮಾಲಿವರೆಗೂ ಹರಿದವು. ದೇಶ ಟ್ರಿಪೊಲಿ ಕಡೆಗೊಂದು, ಬೆಂಗಾಜಿ ಕಡೆಗೊಂದು ಅಂತ ಹೋಳಾಯಿತು. 2012ರ ಸೆಪ್ಟೆಂಬರ್ 11ರಂದು ಬೆಂಗಾಜಿಯಲ್ಲಿ ಅಮೆರಿಕದ ರಾಯಭಾರಿಯೂ ಸೇರಿ ನಾಲ್ವರ ಹತ್ಯೆಯಾಯಿತು. ಗದ್ದಾಫಿ ಹೋದ ಮೇಲೆ ಮುಂದೇನು ಎಂದು ಯೋಜನೆ ಮಾಡದೇ ಹೋದದ್ದು ತಮ್ಮ ಅಧಿಕಾರಾವಧಿಯ ಅತಿ ದೊಡ್ಡ ತಪ್ಪು ಎಂದು ಒಬಾಮ 2016ರಲ್ಲಿ ಒಪ್ಪಿಕೊಂಡರು.

ಟ್ರಂಪ್ 2016ರಲ್ಲಿ ಲಿಬಿಯಾವನ್ನು ಕ್ಲಿಂಟನ್ ವಿರುದ್ಧ ಚೆನ್ನಾಗಿ ಬಳಸಿದರು. ಆದರೆ 2011ರಲ್ಲಿ ಅವರೇ ವಿಡಿಯೊ ಮಾಡಿ, ಒಳಗೆ ನುಗ್ಗಿ ಗದ್ದಾಫಿಯನ್ನು ನಿಲ್ಲಿಸಬೇಕು ಎಂದಿದ್ದರು. ಅಧಿಕಾರ ಕೈಯಲ್ಲಿ ಇಲ್ಲದವರಿಗೆ ಎರಡೂ ಮಾತು ಆಡುವ ಅವಕಾಶ ಇರುತ್ತದೆ.

ಕುರ್ಚಿ ಸಿಕ್ಕಮೇಲೆ ಮಾತು ಯಾಕೆ ಬದಲಾಗುತ್ತದೆ?

ಮೊದಲ ಕಾರಣ, ಅಧ್ಯಕ್ಷರಿಗೆ ಸುಮ್ಮನಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. 2017ರ ಏಪ್ರಿಲ್ 4ರಂದು ಸಿರಿಯಾದ ಖಾನ್ ಶೇಖೂನ್‌ನಲ್ಲಿ ವಿಷಾನಿಲಕ್ಕೆ ಮಕ್ಕಳು ಸತ್ತ ಚಿತ್ರಗಳು ಬಂದವು. ಮೂರು ದಿನದಲ್ಲಿ ಟ್ರಂಪ್ ಶಯರಾತ್ ವಾಯುನೆಲೆಗೆ 59 ಟೊಮಾಹಾಕ್ ಕ್ಷಿಪಣಿ ಹಾರಿಸಿದರು. ಸಿರಿಯಾ ಮೇಲೆ ದಾಳಿ ಮಾಡುವ ಮುನ್ನ ಅಧ್ಯಕ್ಷರು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕು ಎಂದು 2013ರಲ್ಲಿ ಟ್ವೀಟ್ ಮಾಡಿದ್ದವರು ಇವರೇ. ಒಪ್ಪಿಗೆ ಕೇಳಲಿಲ್ಲ. ದಾಳಿಯಿಂದ ಯುದ್ಧದ ದಿಕ್ಕೂ ಬದಲಾಗಲಿಲ್ಲ.

ಎರಡನೆಯದು, ಮೊದಲೇ ಅಲ್ಲಿರುವ ಸೇನೆ. ಐಸಿಸ್ ವಿರುದ್ಧ ಒಬಾಮ ಕಳಿಸಿದ್ದ ಪಡೆ ಟ್ರಂಪ್‌ಗೆ ಬಳುವಳಿಯಾಗಿ ಬಂತು. 2018ರ ಡಿಸೆಂಬರ್ 19ರಂದು ಸುಮಾರು 2,000 ಸೈನಿಕರನ್ನೂ ವಾಪಸ್ ಕರೆಸುತ್ತೇನೆ ಎಂದರು. ಮರುದಿನ ರಕ್ಷಣಾ ಸಚಿವ ಜಿಮ್ ಮ್ಯಾಟಿಸ್ ರಾಜೀನಾಮೆ ಕೊಟ್ಟರು. ಐಸಿಸ್ ವಿರುದ್ಧ ಅಮೆರಿಕದ ಪರವಾಗಿ ನೆಲದ ಮೇಲೆ ಹೋರಾಡಿ ಸತ್ತವರು ಕುರ್ದರು, ಅವರನ್ನು ಟರ್ಕಿಯ ಬಾಯಿಗೆ ಹಾಕುವುದೇ ಎಂಬ ಪ್ರಶ್ನೆ ಎದ್ದಿತು. 2019ರ ಅಕ್ಟೋಬರ್‌ನಲ್ಲಿ ಗಡಿಯಿಂದ ಪಡೆ ಹಿಂದೆ ಸರಿದಾಗ ಟರ್ಕಿ ನುಗ್ಗಿಯೇ ಬಿಟ್ಟಿತು. ಆದರೂ ಸೇನೆ ಪೂರ್ತಿ ಹೊರಬರಲಿಲ್ಲ. ಬೈಡನ್ ಕಾಲದಲ್ಲಿ 900 ಸೈನಿಕರು ಎಂದು ಹೇಳುತ್ತಿದ್ದರು. 2024ರ ಡಿಸೆಂಬರ್‌ನಲ್ಲಿ, ನಿಜವಾಗಿ ಸುಮಾರು 2,000 ಇದ್ದಾರೆ ಎಂದು ಪೆಂಟಗನ್ ಒಪ್ಪಿಕೊಂಡಿತು. ಜನರಿಗೆ ಲೆಕ್ಕವನ್ನೂ ಸರಿಯಾಗಿ ಹೇಳಿರಲಿಲ್ಲ.

ಬೈಡನ್ ಅವರದೂ ಇದೇ ಕತೆ. 2020ರ ಪ್ರಚಾರದಲ್ಲಿ ಯೆಮೆನ್ ಯುದ್ಧಕ್ಕೆ ಅಮೆರಿಕದ ಬೆಂಬಲ ನಿಲ್ಲಿಸುತ್ತೇನೆ ಎಂದರು. ಹೌತಿಗಳ ವಿರುದ್ಧ ಸೌದಿ ಒಕ್ಕೂಟದ ಆಕ್ರಮಣಕ್ಕೆ ಕೊಡುತ್ತಿದ್ದ ನೆರವನ್ನು 2021ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾಗಿ ಘೋಷಿಸಿದರು. ಹೌತಿಗಳು ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿಗಿಳಿದ ಮೇಲೆ, 2024ರ ಜನವರಿಯಲ್ಲಿ ಅವರೇ ಯೆಮೆನ್ ಮೇಲೆ ಬಾಂಬ್ ಹಾಕಿಸಿದರು.

ಯಾರೂ ಕೇಳದ ಮತ

ನನ್ನ ಪ್ರಕಾರ ಮೂರನೇ ಕಾರಣವೇ ಮುಖ್ಯ. ಯುದ್ಧ ಘೋಷಿಸುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಸಂಸತ್ತಿಗೆ ಕೊಟ್ಟಿದೆ, ಸೇನೆ ನಡೆಸುವುದನ್ನು ಅಧ್ಯಕ್ಷರಿಗೆ. ವಿಯೆಟ್ನಾಂನ ಕಹಿ ಅನುಭವದ ಮೇಲೆ 1973ರಲ್ಲಿ ಒಂದು ಕಾನೂನು ಬಂತು. ಅಧ್ಯಕ್ಷ ನಿಕ್ಸನ್ ವೀಟೊ ಹಾಕಿ ತಡೆದರೂ ಸಂಸತ್ತು ಬಿಡಲಿಲ್ಲ. ಅದರ ಪ್ರಕಾರ ಸೇನೆ ಕಳಿಸಿದ 48 ಗಂಟೆಯೊಳಗೆ ಸಂಸತ್ತಿಗೆ ತಿಳಿಸಬೇಕು. 60 ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ಕಾರ್ಯಾಚರಣೆ ನಿಲ್ಲಿಸಬೇಕು, ಸೈನಿಕರನ್ನು ಸುರಕ್ಷಿತವಾಗಿ ಹೊರತರಲು ಇನ್ನೂ 30 ದಿನ ಸಿಗುತ್ತದೆ.

ಕಾನೂನು ಗಟ್ಟಿಯಾಗಿಯೇ ಇದೆ, ಅಲ್ವಾ? ಆದರೆ ಲಿಬಿಯಾದಲ್ಲಿ 60 ದಿನ ದಾಟಿದಾಗ, ಇದು ಆ ಕಾನೂನು ಹೇಳುವಂಥ ಹೋರಾಟವೇ ಅಲ್ಲ ಎಂದು ಒಬಾಮ ಸರ್ಕಾರ ವಾದಿಸಿತು. ಐಸಿಸ್ ವಿರುದ್ಧದ ದಾಳಿಗೆ, ಅಲ್ ಖೈದಾಗಾಗಿ 2001ರಲ್ಲಿ ಮಾಡಿದ ಅನುಮತಿ ಕಾನೂನನ್ನೇ ಹಿಗ್ಗಿಸಿ ಬಳಸಲಾಯಿತು. 2025ರ ಯೆಮೆನ್ ದಾಳಿ 52 ದಿನಕ್ಕೆ ನಿಂತಿತು, 60ರ ಗಡಿಯ ಪ್ರಶ್ನೆಯೇ ಬರಲಿಲ್ಲ. ಸಂಸತ್ತೇ ಮೈಕೊಡವಿ ಎದ್ದ ಒಂದು ಸಲ, 2019ರಲ್ಲಿ, ಯೆಮೆನ್ ಯುದ್ಧದಿಂದ ಹೊರಬರುವ ನಿರ್ಣಯ ಎರಡೂ ಸದನದಲ್ಲಿ ಪಾಸಾಯಿತು. ಟ್ರಂಪ್ ವೀಟೊ ಹಾಕಿದರು.

ಸಿರಿಯಾ ವಿಚಾರದಲ್ಲಿ ಒಂದು ಸಲ ಈ ಕ್ರಮ ಮುರಿಯಿತು. 2013ರ ಆಗಸ್ಟ್ 21ರಂದು ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ರಾಸಾಯನಿಕ ದಾಳಿ ನಡೆಯಿತು. ರಾಸಾಯನಿಕ ಅಸ್ತ್ರ ಬಳಸಿದರೆ ಗೆರೆ ದಾಟಿದಂತೆ ಎಂದು ಒಬಾಮ ಮೊದಲೇ ಎಚ್ಚರಿಸಿದ್ದರು. ಬ್ರಿಟನ್ ಸಂಸತ್ತು 285-272ರಲ್ಲಿ ದಾಳಿ ಬೇಡ ಎಂದಿತು. ಒಬಾಮ ತಮ್ಮ ಸಂಸತ್ತಿನ ಮುಂದೆ ಹೋದರು. ಸೆನೆಟ್ ಸಮಿತಿ 10-7ರಲ್ಲಿ ಒಪ್ಪಿತು. ಪೂರ್ಣ ಸದನದಲ್ಲಿ ಗೆಲ್ಲುವ ಲಕ್ಷಣ ಇರಲಿಲ್ಲ. ಅಷ್ಟರಲ್ಲಿ ರಷ್ಯಾ ಮಧ್ಯಸ್ಥಿಕೆಯಲ್ಲಿ, ರಾಸಾಯನಿಕ ಅಸ್ತ್ರಗಳನ್ನು ಒಪ್ಪಿಸಲು ಅಸಾದ್ ಒಪ್ಪಿದರು. ಸುಮಾರು 1,300 ಟನ್ ಹೊರಹೋಯಿತು. ಎಲ್ಲವೂ ಹೋಗಿರಲಿಲ್ಲ ಎಂಬುದನ್ನು ಖಾನ್ ಶೇಖೂನ್ ತೋರಿಸಿತು.

ಒಬಾಮ ದುರ್ಬಲ ಎಂದು ಅವತ್ತು ಬೈದವರೇ ಜಾಸ್ತಿ. ಆದರೆ ಆ ಎರಡು ವಾರ ದೇಶಕ್ಕೆ ದೇಶವೇ ಸರಿಯಾದ ಪ್ರಶ್ನೆಗಳನ್ನು ಕೇಳಿತು. ಗುರಿ ಏನು? ಎಷ್ಟು ದಿನ? ಅಸಾದ್ ಹೋದರೆ ಯಾರು ಬರುತ್ತಾರೆ? ಮತಕ್ಕೆ ಹಾಕಬೇಕು ಎಂದಾಗ ಮಾತ್ರ ಇಂಥ ಪ್ರಶ್ನೆ ಏಳುತ್ತವೆ. ಮತ ಇಲ್ಲದಿದ್ದರೆ ಅಭ್ಯರ್ಥಿ ತನ್ನ ನಿಲುವಿಗೆ ಲೆಕ್ಕ ಕೊಡಬೇಕಿಲ್ಲ, ಸಂಸದರೂ ತಮ್ಮ ಹೆಸರು ಎಲ್ಲೂ ದಾಖಲಾಗದಂತೆ ಪಾರಾಗುತ್ತಾರೆ. ಯುದ್ಧ ಕೆಟ್ಟರೆ ಬೈಯಬಹುದು, ಗೆದ್ದರೆ ಚಪ್ಪಾಳೆ ತಟ್ಟಬಹುದು. ಇದು ಎರಡೂ ಪಕ್ಷಗಳಿಗೆ ಅನುಕೂಲವಾಗಿದೆ.

ಪರಿಣಾಮ ಎಲ್ಲಿಯವರೆಗೆ?

ಬೆಲೆ ತೆತ್ತವರು ಮೊದಲಿಗೆ ಸಿರಿಯನ್ನರು. 5 ಲಕ್ಷಕ್ಕೂ ಹೆಚ್ಚು ಜನ ಸತ್ತರು, ಯುದ್ಧಕ್ಕೆ ಮುಂಚಿನ ಜನಸಂಖ್ಯೆಯ ಅರ್ಧಕ್ಕಿಂತ ಜಾಸ್ತಿ ಮಂದಿ ಮನೆ ಬಿಟ್ಟರು. ಅಮೆರಿಕ ಗಟ್ಟಿಯಾಗಿ ನುಗ್ಗಿದ್ದರೆ ಇದು ತಪ್ಪುತ್ತಿತ್ತು ಎನ್ನುವವರು ಬಾಸ್ನಿಯಾ ತೋರಿಸುತ್ತಾರೆ. ಇನ್ನೂ ಹದಗೆಡುತ್ತಿತ್ತು ಎನ್ನುವವರು ಲಿಬಿಯಾ ತೋರಿಸುತ್ತಾರೆ. ಬಾಸ್ನಿಯಾದಲ್ಲಿ ದಾಳಿಯ ಬೆನ್ನಿಗೆ ಒಪ್ಪಂದ ಇತ್ತು, ಅದನ್ನು ಕಾಯಲು ನ್ಯಾಟೊದ ಸುಮಾರು 60,000 ಸೈನಿಕರು ನೆಲದ ಮೇಲೆ ಇಳಿದರು. ಲಿಬಿಯಾದಲ್ಲಿ ಎರಡೂ ಇರಲಿಲ್ಲ. ಫಲಿತಾಂಶದ ವ್ಯತ್ಯಾಸಕ್ಕೆ ಇದು ದೊಡ್ಡ ಕಾರಣ.

ನಮಗೂ ಇದು ದೂರದ ಸಂಗತಿಯಲ್ಲ. ಶ್ರೀಲಂಕಾದ ಅಂತರ್ಯುದ್ಧಕ್ಕೆ 1987ರಲ್ಲಿ ಶಾಂತಿಪಾಲನೆ ಎಂದು ಹೋದ ಭಾರತದ ಸೇನೆ ಎಲ್‌ಟಿಟಿಇ ಜತೆಯೇ ಕಾದಾಡಬೇಕಾಯಿತು. 1990ರಲ್ಲಿ ಹಿಂತಿರುಗುವ ಹೊತ್ತಿಗೆ 1,100ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ಇನ್ನು ಯೆಮೆನ್. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು, ಹಡಗಿನ ದಾರಿ ಕೆಂಪು ಸಮುದ್ರ, ಸೂಯೆಜ್. 2023ರ ನವೆಂಬರ್‌ನಿಂದ ಹೌತಿ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಬಾಡಿಗೆ ಏರಿತು, ಸರಕು ತಲುಪುವುದು ವಾರಗಟ್ಟಲೆ ತಡವಾಯಿತು.

ಸುಡಾನ್ ಮತ್ತು 2028

ಈಗಿನ ಅತಿ ಘೋರ ಅಂತರ್ಯುದ್ಧ ಸುಡಾನ್‌ನದು. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಅರೆಸೇನಾ ಪಡೆಗೂ ಜಗಳ ಶುರುವಾಯಿತು. ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದು ನೆನಪಿರಬಹುದು. ಅವರಲ್ಲಿ ಕೆಲವರು ಎಲ್ ಫಾಶರ್ ನಗರದಲ್ಲಿದ್ದರು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ವಾಪಸ್ ಕರೆತಂದರು. ಅದೇ ಎಲ್ ಫಾಶರ್ 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಗೆ ಬಿತ್ತು, ಹಿಂದೆಯೇ ಸಾಮೂಹಿಕ ಹತ್ಯೆಯ ಸುದ್ದಿ ಬಂತು. ಆರ್‌ಎಸ್‌ಎಫ್ ನರಮೇಧ ಮಾಡಿದೆ ಎಂದು ಅಮೆರಿಕ ಆ ಜನವರಿಯಲ್ಲೇ ಘೋಷಿಸಿತ್ತು. 2024ರ ಪ್ರಚಾರದಲ್ಲಿ ಮಾತ್ರ ಸುಡಾನ್ ಒಂದು ವಿಷಯವೇ ಆಗಲಿಲ್ಲ.

ಸೇನೆ ಕಳಿಸುವ ಮಾತನ್ನು ಅಮೆರಿಕದಲ್ಲಿ ಇವತ್ತು ಯಾರೂ ಆಡುತ್ತಿಲ್ಲ. ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿದೆ ಎಂಬ ಆರೋಪ ಇರುವುದು ಯುಎಇ ಮೇಲೆ. ಆರೋಪವನ್ನು ಆ ದೇಶ ನಿರಾಕರಿಸುತ್ತದೆ, ಅಮೆರಿಕಕ್ಕೆ ಅದು ಆಪ್ತ ಮಿತ್ರ ಕೂಡ. ಬಾಂಬ್ ಹಾಕುವುದಕ್ಕಿಂತ ಮಿತ್ರನ ಮೇಲೆ ಒತ್ತಡ ಹಾಕುವುದೇ ಇಲ್ಲಿ ನಿಜವಾದ ಹಸ್ತಕ್ಷೇಪ, ಅದು ಅಧ್ಯಕ್ಷರಿಗೆ ಹೆಚ್ಚು ಕಷ್ಟದ್ದೂ ಹೌದು.

2028ರ ಸಂಭಾವ್ಯ ಅಭ್ಯರ್ಥಿ ಎನ್ನಲಾಗುವ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, 2025ರ ಯೆಮೆನ್ ದಾಳಿಗೆ ಮೊದಲು ಸಿಗ್ನಲ್ ಎಂಬ ಮೆಸೇಜ್ ಆ್ಯಪ್‌ನ ಸಹೋದ್ಯೋಗಿಗಳ ಗುಂಪಿನಲ್ಲಿ, ನಾವು ತಪ್ಪು ಮಾಡುತ್ತಿದ್ದೇವೆ ಎಂದು ಬರೆದಿದ್ದರು. ಸೂಯೆಜ್ ಮೂಲಕ ಹೋಗುವುದು ಅಮೆರಿಕದ ವ್ಯಾಪಾರದ ಶೇ 3 ಮಾತ್ರ, ಯುರೋಪಿನದು ಶೇ 40 ಎಂಬುದು ಅವರ ವಾದ. ದಾಳಿ ನಡೆದ ಮೇಲೆ ಅವರು ಸಾರ್ವಜನಿಕವಾಗಿ ವಿರೋಧಿಸಲಿಲ್ಲ. ಪ್ರಚಾರ ಶುರುವಾದಾಗ ಅವರನ್ನು, ಅವರ ಎದುರಾಳಿಯನ್ನು ಕೇಳಬೇಕಾದ್ದು ಇಷ್ಟು: 60ನೇ ದಿನ ಸಂಸತ್ತಿನ ಮುಂದೆ ಮತಕ್ಕೆ ಹೋಗುತ್ತೀರಾ? ಸೋತರೆ ಸೇನೆಯನ್ನು ವಾಪಸ್ ಕರೆಸುತ್ತೀರಾ? 2001ರ ಅನುಮತಿ ಕಾನೂನು ಇನ್ನೂ ಜಾರಿಯಲ್ಲಿದೆ. ಅದನ್ನು ರದ್ದು ಮಾಡಲು ಸಂಸತ್ತಿಗೆ ಹಲವು ಸಲ ಪ್ರಸ್ತಾವ ಬಂದಿದ್ದರೂ ಯಾವುದೂ ದಡ ಸೇರಿಲ್ಲ.